ತಳ ಕೊನೆಗೆ

ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ ಪುಷ್ಪಕ್ಕ
ಹಲ್ಲುಪುಡಿ ಡಬ್ಬಿಯ ರಟ್ಟೊಂದು ತಂದರು.
ಹಿಂದುಗಡೆ ಪೆನ್ಸಿಲ್ಲಿನಲ್ಲಿ ಒಂದೇ ಒಂದು ಅಕ್ಷರ.
"ದಸ್ತಗೀರಣ್ಣ, ಅಪ್ಪನ ಕಲ್ಲಿಗೆ ಇದು ಬೇಕು.
ಹೆಸರಿನ ಕೆಳಗೆ. ಇಸವಿ ಬೇಡ."

ಅಪ್ಪ ಅಂದರೆ ಚೀನಾ ಡಾಕ್ಟ್ರು.
ಕಸ್ತೂರಬಾ ರಸ್ತೆಯ ಮಹಡಿಯ ಮೇಲೆ
ಕಾಲಲ್ಲಿ ತುಳಿಯುವ ಡ್ರಿಲ್ಲಿನಿಂದ
ಅರ್ಧ ಹಾಸನದ ದವಡೆ ಕೊರೆದವರು.
ಅವರ ಬೋರ್ಡಿನ ಹಲ್ಲು ಬರೆದವನು ನಾನೇ:
ಎರಡು ಬೇರು, ಹೊಳಪಿಗೆ ಒಂದು ಚುಕ್ಕೆ ಬಿಳಿ.
ನನ್ನ ಹಲ್ಲು ಕಿತ್ತದ್ದಕ್ಕೆ
ಇಪ್ಪತ್ತು ರೂಪಾಯಿ ಬಾಕಿ ಇತ್ತು. ಇನ್ನೂ ಇದೆ.
ಈ ಮಗಳು ಮನೆಯೊಳಗೆ ಶೂಫಾ,
ಬೀದಿಗೆ ಬಂದರೆ ಪುಷ್ಪ. ಎರಡರಲ್ಲೂ ಹೂವೇ ಅಂತೆ.

ರಟ್ಟು ತಿರುಗಿಸಿ ನೋಡಿದೆ.
ಚೌಕದ ಹೊಟ್ಟೆ, ಕುತ್ತಿಗೆ, ಮೇಲೊಂದು ಮುಚ್ಚಳ.
"ಇದು ಹೂಜಿ ಅಲ್ವಾ?"
"ಕೋಳಿ."
"ಕೊಕ್ಕೆಲ್ಲಿ? ಜುಟ್ಟೆಲ್ಲಿ?"
ನಕ್ಕರು, ಅಪ್ಪ ಹೋದ ಮೇಲೆ ಮೊದಲ ಸಲವೇನೋ.

ಶುರುವಿನಲ್ಲಿ ಹೂಜಿಯೇ ಅಂತೆ. ಹೆಂಡದ ಹೂಜಿ.
ಮೂರು ಸಾವಿರ ವರ್ಷದ ಹಿಂದೆ
ಆಮೆಯ ಚಿಪ್ಪಿನ ಮೇಲೆ, ದನದ ಹೆಗಲಮೂಳೆಯ ಮೇಲೆ
ಗೀರು ಹಾಕಿ ದಿನ ಎಣಿಸುತ್ತಿದ್ದವರು
ಹತ್ತನೆಯದಕ್ಕೆ ಗುರುತು ಸಾಲದೆ
ಈ ಹೂಜಿಯನ್ನು ಕೈಗಡ ತಂದರಂತೆ.
ತಂದವರು ಹಿಂದಿರುಗಿಸಲಿಲ್ಲ.
ಪಾಪ, ಹೆಂಡ
ಮೂರು ಹನಿ ನೀರು ಪಕ್ಕಕ್ಕೆ ಇಟ್ಟುಕೊಂಡು
ಬೇರೆ ಅಕ್ಷರವಾಗಿ ಬಾಡಿಗೆಮನೆ ಹಿಡಿಯಿತು.
ಕೋಳಿ ಬಂದದ್ದು ಎಷ್ಟೋ ಕಾಲದ ಮೇಲೆ.
ಓದು ಬಾರದವರಿಗೂ ವರ್ಷ ನೆನಪಿರಲಿ ಅಂತಲೋ ಏನೋ
ಯಾರೋ ಹನ್ನೆರಡು ಗೂಟಕ್ಕೆ
ಹನ್ನೆರಡು ಪ್ರಾಣಿ ಕಟ್ಟಿದರು.

"ಹಾಗಾದರೆ ಕೋಳಿ ಅಂದರೆ ಬೆಳಗಿನ ಜಾವ," ಅಂದೆ.
"ಅಲ್ಲ. ಸಂಜೆ ಐದರಿಂದ ಏಳು.
ನಮ್ಮ ಕೋಳಿ ಕೂಗಲ್ಲ, ಗೂಡು ಸೇರತ್ತೆ."
ತನ್ನ ಕೋಳಿ ಕೂಗದೆ ಊರಿಗೆ ಬೆಳಗಾಗದು ಅಂತ
ಬುಟ್ಟಿ ಹೊತ್ತು ಹೊರಟ ಮುದುಕಿಗೆ
ಇದನ್ನು ಯಾರು ಹೇಳುವುದು!

ಹುಟ್ಟಿದ್ದು ನೀರುಕೋಳಿಯ ವರ್ಷ ಅಂದರು.
ಹೇಮಾವತಿ ಹಿನ್ನೀರಿನಲ್ಲಿ ಮುಳುಗಿ ಏಳುತ್ತದಲ್ಲ,
ಅದು ಅಂದುಕೊಂಡೆ ನಾನು.
ಅಲ್ಲ, ಅದೂ ಅರವತ್ತು ವರ್ಷದ ಸುತ್ತಂತೆ, ನಮ್ಮ ಹಾಗೇ.
ಯುಗಾದಿಯ ಬೋರ್ಡುಗಳಿಗೆ ನಲವತ್ತು ವರ್ಷ
ಸಂವತ್ಸರ ಬರೆದ ಕೈ ಇದು. ಬೆರಳು ಮಡಚಿದೆ.
ಅವರ ನೀರುಕೋಳಿ ಬಂದಾಗಲೆಲ್ಲ
ನಮಗೆ ಶ್ರೀಮುಖ.
ಜೀವಮಾನವೆಲ್ಲ ಊರವರ ಬಾಯಿ ನೋಡಿದ ಮನುಷ್ಯ
ಹುಟ್ಟಿದ್ದೇ ಶ್ರೀಮುಖದಲ್ಲಿ!

ಅರವತ್ತೆರಡರಲ್ಲಿ
ವಾರಕ್ಕೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕಿತ್ತು.
ಮೊದಲ ದಿನ ಹುಟ್ಟಿದ ವರ್ಷದ ಕಾಲಮ್ಮಿನಲ್ಲಿ
ಡಾಕ್ಟ್ರು ಇದೇ ಅಕ್ಷರ ಬರೆದರು.
ದಫೇದಾರ ಪುಸ್ತಕ ತಲೆಕೆಳಗು ಮಾಡಿ ನೋಡಿದ.
"ಏನಿದು, ಗುಟ್ಟಿನ ಗುರುತಾ?"
"ಕೋಳಿ, ಸ್ವಾಮಿ."
ಹೊಡೆದುಹಾಕಿ, ಮೇಲೆ
ನಾಲ್ಕು ಅಂಕಿ ಬರೆದ.

ಕಲ್ಲು ಬಂತು. ಸೀಮೆಸುಣ್ಣದಲ್ಲಿ ಗುರುತು ಹಾಕಿದೆ.
ನನ್ನ ಕೈ ಕನ್ನಡದ್ದು, ದುಂಡಗೆ ತಿರುಗುವುದು ಅದರ ಚಾಳಿ;
ಮೂಲೆ ಬಂದಾಗಲೆಲ್ಲ ಹಿಂಜರಿಯಿತು.
ಹೊಟ್ಟೆಯೊಳಗಿನ ಅಡ್ಡಗೆರೆ ಮರೆತೇಬಿಟ್ಟೆ.
"ಈಗ ಇದು ಪಡುವಣ ಆಯ್ತು," ಅಂದರು ಪುಷ್ಪಕ್ಕ.
ಹೆಂಡದ ಮಟ್ಟದ ಆ ಒಂದು ಗೆರೆ ಇಲ್ಲದಿದ್ದರೆ
ಹೂಜಿಯಲ್ಲ, ಬರೀ ಸೂರ್ಯ ಮುಳುಗುವ ದಿಕ್ಕು.
ಎಳೆಯಹೋದೆ, ಕೈ ಹಿಡಿದರು.
"ಹಾಗಲ್ಲ, ಪೂರ್ತಿ ಒರೆಸಿ.
ಹೆಂಡ ಆರನೇದು. ತಳ ಕೊನೆಗೆ."
"ತಳ ಇಲ್ಲದ ಹೂಜಿಗೆ ಯಾರಾದರೂ ಸುರೀತಾರಾ, ತಾಯಿ?"
"ಅಪ್ಪ ಹಾಗೇ ಕಲಿಸಿದ್ದು."

ಆರು ಗಂಟೆಯ ಸುಮಾರು.
ಹಿತ್ತಿಲಲ್ಲಿ ಶಮೀಮಳ ಕೋಳಿಗಳು
ಜಾಗಕ್ಕೆ ಕಿತ್ತಾಡುತ್ತ ಗೂಡು ಹತ್ತುತ್ತಿದ್ದವು.
ಒರೆಸಿದೆ. ಬ್ರಷ್ಷು ಅದ್ದಿದೆ.
ಮುಚ್ಚಳ, ಕುತ್ತಿಗೆ, ಎರಡು ಪಕ್ಕ.
ಆಮೇಲೆ, ಕೆಳಗೆ ಏನೂ ಇಲ್ಲದ ಕಡೆ,
ಉಸಿರು ಹಿಡಿದು
ಆರನೇ ಗೆರೆ ಎಳೆದೆ.

ನಿಂತಿತು.
ಒಂದು ಹನಿಯೂ ಸೋರಲಿಲ್ಲ.